ಕ್ರಿಸ್ತವಿರೋಧಿ ಒಬ್ಬನೇ?

ಲೋಕಾಂತ್ಯದ ಹೊತ್ತಿಗೆ ಒಬ್ಬ ಕ್ರೂರ ಸರ್ವಾಧಿಕಾರಿ ಹುಟ್ಟಿಬರುತ್ತಾನೆ, ಅವನೇ ಕ್ರಿಸ್ತವಿರೋಧಿ, ಅವನ ಗುರುತು 666, ಅವನ ವಿವರವೆಲ್ಲ ಪ್ರಕಟನೆ ಗ್ರಂಥದಲ್ಲಿದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆದರೆ ಪ್ರಕಟನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಆ ಹೆಸರು ಒಮ್ಮೆಯೂ ಸಿಗುವುದಿಲ್ಲ. ಇಡೀ ಬೈಬಲಿನಲ್ಲಿ ಅದು ಬರುವುದು ಯೋಹಾನನ ಮೊದಲ ಎರಡು ಪತ್ರಿಕೆಗಳಲ್ಲಿ, ಅದೂ ನಾಲ್ಕೇ ವಚನಗಳಲ್ಲಿ. ಅಲ್ಲಿ ಹೇಳಿರುವುದು ಮುಂದೆಂದೋ ಬರುವ ಚಕ್ರವರ್ತಿಯ ಮಾತಲ್ಲ. ಅನೇಕ ಕ್ರಿಸ್ತವಿರೋಧಿಗಳು ಆಗಲೇ ಎದ್ದಿದ್ದಾರೆ, ಅವರು ನಮ್ಮೊಳಗಿಂದಲೇ ಹೊರಟುಹೋದವರು ಎನ್ನುತ್ತದೆ ಪತ್ರಿಕೆ. ಯೇಸುವೇ ಕ್ರಿಸ್ತನೆಂಬುದನ್ನು ಅಲ್ಲಗಳೆಯುವುದು, ಆತನು ಮನುಷ್ಯನ ದೇಹ ಧರಿಸಿ ಬಂದನೆಂದು ಒಪ್ಪದಿರುವುದು, ಇವೇ ಅವರ ಮೇಲಿನ ಆಪಾದನೆ. ಸೈನ್ಯವಿಲ್ಲ, ಸಿಂಹಾಸನವಿಲ್ಲ. ಒಂದು ಸಣ್ಣ ಸಭೆಯನ್ನು ಒಡೆದ ಬೋಧನೆಯ ಜಗಳ ಅದು.

ಕ್ರಿಸ್ತವಿರೋಧಿ ಬರುತ್ತಾನೆಂದು ನೀವು ಕೇಳಿದ್ದೀರಷ್ಟೆ ಎಂದು ಅದೇ ಪತ್ರಿಕೆ ಏಕವಚನದಲ್ಲೂ ಹೇಳುತ್ತದಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಬ್ಬನನ್ನು ಎದುರುನೋಡುವ ನಂಬಿಕೆ ಆ ಕಾಲಕ್ಕೇ ಇತ್ತು, ಪತ್ರಿಕೆ ಅದನ್ನು ತಳ್ಳಿಹಾಕುವುದೂ ಇಲ್ಲ. ಆದರೆ ಅದನ್ನು ನೆನಪಿಸಿದ ಮರುಮಾತಿಗೇ ಓದುಗರ ಗಮನವನ್ನು ಕಣ್ಣೆದುರಿನ ಹಲವರ ಕಡೆ ತಿರುಗಿಸುತ್ತದೆ. ಇನ್ನು ಪೌಲನ ಹೆಸರಿನ ಎರಡನೆಯ ಥೆಸಲೋನಿಕ ಪತ್ರಿಕೆಯ ಅಧರ್ಮಸ್ವರೂಪ, ದಾನಿಯೇಲನ ಚಿಕ್ಕ ಕೊಂಬು, ಪ್ರಕಟನೆಯ ಮೃಗ, ಈ ಮೂರನ್ನೂ ಕ್ರಿಸ್ತವಿರೋಧಿಯ ಜೊತೆ ಸೇರಿಸಿ ಒಂದೇ ವ್ಯಕ್ತಿಯಾಗಿ ಕಂಡವರು ಎರಡನೆಯ ಶತಮಾನದ ಐರೇನಿಯಸ್ ಮತ್ತು ಅವನ ನಂತರದವರು. ಹಾಗೆ ಓದುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ವ್ಯಾಖ್ಯಾನ, ಅದನ್ನೇ ಮೂಲಪಾಠವೆಂದು ಬೋಧಿಸುವುದು ಸರಿಯಲ್ಲ. ದಾನಿಯೇಲನ ಕೊಂಬಿನ ಹಿಂದೆ ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಹೊಲೆಮಾಡಿದ ನಾಲ್ಕನೆಯ ಆಂಟಿಯೋಕಸ್ ಇದ್ದಾನೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಪ್ರಕಟನೆಯ ಮೃಗದ ಸಂಖ್ಯೆಯಾದ 666ರ ವಿಷಯವನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ರೋಮನ್ ಚಕ್ರವರ್ತಿ ನೀರೋನ ಹೆಸರನ್ನು ‘ನೇರೋನ್ ಕೈಸರ್’ ಎಂದು ಆ ಲಿಪಿಯಲ್ಲಿ ಬರೆದು 50, 200, 6, 50, 100, 60, 200 ಎಂದು ಕೂಡಿಸಿದರೆ 666 ಬರುತ್ತದೆ. ಲ್ಯಾಟಿನ್ ಉಚ್ಚಾರದಂತೆ ಕೊನೆಯ ನಕಾರ ಬಿಟ್ಟು ‘ನೇರೋ’ ಎಂದರೆ 50 ಕಳೆದು 616 ಉಳಿಯುತ್ತದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇರುವುದೂ 616 ಎಂದೇ! ಎರಡು ಪಾಠಾಂತರಗಳಿಗೂ ಒಂದೇ ಹೆಸರು ಹೊಂದುವುದು ಬಲವಾದ ಸಾಕ್ಷ್ಯ. ನೀರೋ ಕ್ರಿ.ಶ. 68ರಲ್ಲೇ ಸತ್ತನಲ್ಲ ಎಂದರೆ, ಅವನು ಮರಳಿ ಬರುತ್ತಾನೆಂಬ ವದಂತಿ ಆಮೇಲೂ ರೋಮನ್ ಸಾಮ್ರಾಜ್ಯದಲ್ಲಿ ಹಬ್ಬಿತ್ತು. ಮರಣಕರವಾದ ಗಾಯ ವಾಸಿಯಾದ ಮೃಗದ ಚಿತ್ರ ಅದಕ್ಕೆ ಹೊಂದುತ್ತದೆ. ನೀರೋ ಎಂಬ ಉತ್ತರವನ್ನು ಒಪ್ಪದವರೂ ಇದ್ದಾರೆ. ಆದರೂ ಆ ಸಂಖ್ಯೆಯನ್ನು ಲೆಕ್ಕಮಾಡಿ ನೋಡಿರೆಂದು ಗ್ರಂಥ ಹೇಳುವುದು ಅಂದಿನ ಓದುಗರಿಗೆ. ಇಪ್ಪತ್ತೊಂದನೆಯ ಶತಮಾನದ ಬಾರ್‌ಕೋಡಿನಲ್ಲಿ ಅದನ್ನು ಹುಡುಕಿದರೆ ಆ ಮಾತಿಗೆ ಅರ್ಥವೇ ಉಳಿಯದು.

ಹೆಸರು ಹಚ್ಚುವ ಚಪಲ ಮಾತ್ರ ನಿಂತಿಲ್ಲ. ರಷ್ಯಾದ ಹಳೆ ಸಂಪ್ರದಾಯಸ್ಥರಿಗೆ ಪೀಟರ್ ದೊರೆ ಕ್ರಿಸ್ತವಿರೋಧಿಯಾದ, ಇನ್ನು ಕೆಲವರಿಗೆ ನೆಪೋಲಿಯನ್. ಲೂಥರ್ 1520ರಲ್ಲಿ ಪೋಪರ ಶಾಸನವನ್ನೇ ಕ್ರಿಸ್ತವಿರೋಧಿಯ ಶಾಸನವೆಂದು ಕರೆದ; 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದಲ್ಲಿ ಪೋಪರ ಮೇಲಿನ ಆ ಆರೋಪ ಸಿದ್ಧಾಂತವಾಗಿಯೇ ಸೇರಿತು. ಇದರಿಂದ ನೆರೆಯ ಕ್ರೈಸ್ತನನ್ನೇ ಸೈತಾನನ ಕಡೆಯವನೆಂದು ಕಾಣುವುದು ಭಕ್ತಿಯ ಲಕ್ಷಣವಾಯಿತು. ನನಗೆ ಅತ್ಯಂತ ನೋವು ತರುವ ಸಂಗತಿ ಇದು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ 1903ರಲ್ಲಿ ಆ ಮಾತನ್ನು ತನ್ನ ಪ್ರಮಾಣದಿಂದ ತೆಗೆದುಹಾಕಿತು. ಐರೇನಿಯಸ್ ಅವರೆಲ್ಲರಿಗಿಂತ ಮೊದಲೇ ಎಚ್ಚರಿಸಿದ್ದ: ಕೂಡಿದರೆ 666 ಬರುವ ಹೆಸರುಗಳು ಬೇಕಾದಷ್ಟಿವೆ, ಆ ಹೆಸರು ಈಗಲೇ ಬಹಿರಂಗವಾಗಬೇಕಿದ್ದರೆ ದರ್ಶನ ಕಂಡವನೇ ಹೇಳಿಬಿಡುತ್ತಿದ್ದ ಎಂದು.