ಡ್ರೂರಿ ಲೇನಿನ ಯಜಮಾನಿಕೆ: ಗ್ಯಾರಿಕ್‌ನ ಇನ್ನೊಂದು ಕೆಲಸ

ಡೇವಿಡ್ ಗ್ಯಾರಿಕ್ ಅಂದ ಕೂಡಲೇ ನಮಗೆ ನೆನಪಾಗುವುದು ಶೇಕ್ಸ್‌ಪಿಯರ್ ಪಾತ್ರಗಳನ್ನು ಮಾಡಿದ ನಟ. ಆದರೆ ಅವನು 1747ರಿಂದ 1776ರವರೆಗೆ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ಯಜಮಾನನೂ ಆಗಿದ್ದ. ಇವತ್ತು ಆ ಕೆಲಸದ ಬಗ್ಗೆ ಮಾತಾಡ್ತೇನೆ.

1737ರ ಕಾಯ್ದೆಯ ನಂತರ ಹೊಸ ನಾಟಕಕ್ಕೆ ಮುಂಚಿತ ಅನುಮತಿ ಬೇಕಾಯ್ತು. ಲಂಡನ್ನಿನಲ್ಲಿ ಮಾತಿನ ನಾಟಕಕ್ಕೆ ಮುಖ್ಯವಾಗಿ ಉಳಿದದ್ದು ಎರಡೇ ಮನೆ: ಡ್ರೂರಿ ಲೇನ್, ಕೋವೆಂಟ್ ಗಾರ್ಡನ್. ಅಂದರೆ ಒಂದು ಕಡೆ ಜಗಳವಾದರೆ ನಟನಿಗೆ ಹೋಗಲು ಇನ್ನೊಂದೇ ಬಾಗಿಲು.

ಒಂದೇ ನಾಟಕ ತಿಂಗಳುಗಟ್ಟಲೆ ನಡೆಯುತ್ತಿರಲಿಲ್ಲ. ನಾಟಕ ಬಹುತೇಕ ದಿನದಿನಕ್ಕೂ ಬದಲು. ಐದಂಕದ ಮುಖ್ಯ ನಾಟಕ, ಅದರ ಬೆನ್ನಿಗೆ ಒಂದು ಪ್ರಹಸನ ಅಥವಾ ಪ್ಯಾಂಟೊಮೈಮ್. ಪಾತ್ರಗಳು ಒಂದೊಂದು ನಟನ ಸೊತ್ತಿನಂತೆ. ಅವನಿಗೆ ಹುಷಾರಿಲ್ಲದಿದ್ದರೆ ನಾಟಕವೇ ಬದಲಾಗಬೇಕಾಗಬಹುದು. ಇಂಥ ಗಡಿಬಿಡಿಗಳು ನಮಗೆ ತಿಳಿಯುವುದು ಪ್ರಾಂಪ್ಟರ್ ರಿಚರ್ಡ್ ಕ್ರಾಸ್ ಬರೆದಿಟ್ಟ ದಿನಚರಿಯಿಂದ.

ನಟರಿಗೆ ಸಂಬಳದ ಜೊತೆ ವಸಂತದಲ್ಲಿ ಬೆನಿಫಿಟ್ ರಾತ್ರಿ ಸಿಗುತ್ತಿತ್ತು. ಮನೆಯ ಖರ್ಚು ಕಳೆದು ಉಳಿದ ಹಣ ನಟನಿಗೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಜನ ಬಾರದಿದ್ದರೆ ಆ ಖರ್ಚಿನ ಕೊರತೆಯೂ ಅವನ ತಲೆಗೇ ಬರಬಹುದಿತ್ತು. ಯಾರಿಗೆ ಯಾವ ದಿನ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾದದ್ದು ಇದರಿಂದ.

1750ರಲ್ಲಿ ಸ್ಪ್ರ್ಯಾಂಜರ್ ಬ್ಯಾರಿ, ಸುಸಾನ್ನಾ ಸಿಬ್ಬರ್ ಇಬ್ಬರೂ ಕೋವೆಂಟ್ ಗಾರ್ಡನ್‌ಗೆ ಹೋದರು. ಎರಡೂ ಮನೆಗಳಲ್ಲಿ ಒಂದೇ ಸಮಯಕ್ಕೆ ‘ರೋಮಿಯೋ ಅಂಡ್ ಜೂಲಿಯೆಟ್’! ಕಾಸರಗೋಡಿನವರಾದ ನಮಗೆ ಯಕ್ಷಗಾನದ ಜೋಡಾಟ ನೆನಪಾಗದಿರದು. ಹನ್ನೆರಡು ರಾತ್ರಿಯ ಬಳಿಕ ಕೋವೆಂಟ್ ಗಾರ್ಡನ್ ನಿಲ್ಲಿಸಿತು. ಗ್ಯಾರಿಕ್ ಹದಿಮೂರನೆಯದನ್ನೂ ಆಡಿದ. ಆದರೆ ಬೇರೆ ನಾಟಕವಿಲ್ಲದೆ ಪ್ರೇಕ್ಷಕರು ಬೇಸತ್ತಿದ್ದರು.

ಪ್ರೇಕ್ಷಕರ ಬಲ ಪೂರ್ತಿ ಕಂಡದ್ದು 1763ರ ಜನವರಿಯಲ್ಲಿ. ಮೂರನೇ ಅಂಕ ಮುಗಿದ ಮೇಲೆ ಬಂದವರಿಗೆ ಅರ್ಧ ದರ ಎಂಬ ರೂಢಿಯಿತ್ತು. ಒಂದು ಪ್ರದರ್ಶನಕ್ಕೆ ಪೂರ್ಣ ದರವೇ ಎಂದಾಗ ಗಲಭೆಯೆದ್ದು ಮಂದಿರದೊಳಗೆ ಹಾನಿಯಾಯ್ತು. ಗ್ಯಾರಿಕ್ ಮಣಿದ. ಆದರೂ ರಂಗದ ಮೇಲೆ ಪ್ರೇಕ್ಷಕರನ್ನು ಕೂರಿಸುವ ಹಳೆಯ ಪದ್ಧತಿಯನ್ನು ಅದೇ ದಶಕದ ಆರಂಭದಲ್ಲಿ ಅವನು ನಿಲ್ಲಿಸಿದ್ದ.

ನಾವು ನಾಟಕವನ್ನು ಕೃತಿಯಾಗಿ ಮಾತ್ರ ಓದುತ್ತೇವೆ. ಅಂದಿನ ರಾತ್ರಿ ಯಾವ ನಾಟಕ ಎಂಬುದನ್ನು ನಟನ ಗಂಟಲು, ಟಿಕೆಟಿನ ದರ, ಎದುರುಮನೆಯ ಪೈಪೋಟಿ ಕೂಡ ನಿರ್ಧರಿಸುತ್ತಿದ್ದವು. ಇದನ್ನು ಬಿಟ್ಟು ರಂಗಭೂಮಿಯ ಚರಿತ್ರೆ ಬರೆಯಲಿಕ್ಕಾಗದು ಎಂಬುದೇ ನನ್ನ ವಾದ.