ಕಪ್ಪೆಚಿಪ್ಪು ಎಣಿಸಿದ ಅಂಗನವಾಡಿ

ಅಂಗನವಾಡಿ ಎಂದಕೂಡಲೇ ನಮಗೆ ನೆನಪಾಗುವುದು ಮೊಟ್ಟೆ, ಹಾಲಿನ ಪುಡಿ, ಮಕ್ಕಳ ತೂಕ ನೋಡುವ ತಕ್ಕಡಿ. ಅದರ ಬೇರು ಇರುವುದು ಕಲ್ಲು, ಬೀಜ, ಕಪ್ಪೆಚಿಪ್ಪುಗಳ ಆಟದಲ್ಲಿ ಎಂದರೆ ಹುಬ್ಬೇರಿಸುವವರೇ ಹೆಚ್ಚು.

ಮಹಾರಾಷ್ಟ್ರ ಇನ್ನೇನು ಮುಗಿದು ಗುಜರಾತ್ ಶುರುವಾಗುವ ಕಡಲ ದಂಡೆಯಲ್ಲಿ ಬೋರ್ಡಿ ಎಂಬ ಊರಿದೆ. 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಮಾಂಟೆಸ್ಸರಿ ಪದ್ಧತಿಯಲ್ಲಿ ಪಳಗಿದ್ದವರು ಅವರು. ಬೋರ್ಡಿಯಲ್ಲಿ ಶಿಕ್ಷಕಿ ಅನುತಾಯಿ ವಾಘ್ ಅವರ ಜೊತೆಗೂಡಿದರು. ಆದರೆ ಮಾಂಟೆಸ್ಸರಿ ಸಲಕರಣೆಯೆಂದರೆ ಅಳತೆ ತಪ್ಪದಂತೆ ಕಡೆದ ಮರದ ಸಿಲಿಂಡರು, ಒಂದರ ಮೇಲೊಂದು ಪೇರಿಸುವ ಬಣ್ಣದ ಘನಗಳು. ಪಟ್ಟಣದ ಶಾಲೆಗೇ ದುಬಾರಿ, ಹಳ್ಳಿಗೆಲ್ಲಿಂದ ತರುವುದು? ತಾರಾಬಾಯಿ ತತ್ತ್ವ ಉಳಿಸಿಕೊಂಡು ಸಾಮಾನು ಬದಲಿಸಿದರು. ಚಿಪ್ಪು, ಉರುಟುಗಲ್ಲು, ಬೀಜ, ಎಲೆ, ಹೂವು, ಕಡ್ಡಿ ಎಲ್ಲವೂ ಪಾಠದ ಸಾಮಾನಾದವು.

ಇಷ್ಟಾದರೂ ಕಡುಬಡವರ, ದಲಿತರ ಕೇರಿಯ ಮಕ್ಕಳು ಕೇಂದ್ರದ ಬಾಲವಾಡಿಗೆ ಬರಲಿಲ್ಲ. ಸರಿ, ಶಿಕ್ಷಕಿಯರೇ ಕೇರಿಗೆ ಹೊರಟರು. ಮನೆಯಂಗಳದಲ್ಲೇ ಮಕ್ಕಳಿಗೆ ಸ್ನಾನ, ತಲೆ ಬಾಚುವುದು, ಆಮೇಲೆ ಆಟ. ಅಂಗಳದ ಈ ಶಾಲೆಯೇ ಅಂಗನವಾಡಿ ಎನಿಸಿಕೊಂಡಿತು. 1957ರಲ್ಲಿ ಕೇಂದ್ರ ಹತ್ತಿರದ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ. ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ಬರುವ ಹುಡುಗಿಯರಿಗಾಗಿ ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಒಂದೇ ಕಡೆ.

ಇದನ್ನೆಲ್ಲ ಬಡವರ ಬದಲಿ ವ್ಯವಸ್ಥೆ ಎಂದು ತಳ್ಳಿಹಾಕುವವರು ನಾಲ್ಕು ವರ್ಷದ ಮಗುವಿನ ಮುಂದೆ ಒಂದು ಹಿಡಿ ಹುಣಸೆ ಬೀಜ ಸುರಿದು ನೋಡಲಿ. ಮೊದಲು ಕೈಯಾಡಿಸುತ್ತದೆ, ಆಮೇಲೆ ಒಂದೊಂದೇ ಹೆಕ್ಕುತ್ತದೆ. ಹೆಬ್ಬೆರಳು ತೋರುಬೆರಳುಗಳ ಆ ಹಿಡಿತವೇ ಮುಂದೆ ಪೆನ್ಸಿಲ್ ಹಿಡಿಯುವ ಹಿಡಿತ. ಕಲ್ಲಿಗೆ ಉಜ್ಜಿದರೆ ಬೀಜ ಬಿಸಿಯಾಗುತ್ತದೆ, ಕಪ್ಪು ಹೋಗಿ ಬಿಳಿ ಕಾಣುತ್ತದೆ. ಉಜ್ಜಿದ್ದು ಈ ಕಡೆ, ಉಜ್ಜದ್ದು ಆ ಕಡೆ: ವಿಂಗಡಣೆ ಬಂತು. ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ಹೋಲಿಸಿ ನೋಡಲೇಬೇಕು. ಅಚ್ಚಿನಲ್ಲಿ ಎರಕಹೊಯ್ದ ಪ್ಲಾಸ್ಟಿಕ್ ಮಣಿಗೆ ಈ ಗುಣವಿಲ್ಲ. ನಮ್ಮ ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಬೀಜ ಹಂಚುತ್ತ ಕೂಡು–ಕಳೆ ಕಲಿತ ಅಜ್ಜಿಯಂದಿರಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ತಿ. ನರಸೀಪುರಕ್ಕೆ. ಯೋಜನೆಯ ಕೇಂದ್ರಗಳ ಹೆಸರು ಅಂಗನವಾಡಿಯೇ, ಆದರೆ ಮುಂದೆ ಪೌಷ್ಟಿಕಾಹಾರ, ಚುಚ್ಚುಮದ್ದು, ದಾಖಲೆ ಪುಸ್ತಕಗಳ ಭಾರದಲ್ಲಿ ಆಟ ಹಿಂದೆ ಸರಿಯಿತು. ತಪ್ಪನ್ನೆಲ್ಲ ಕಾರ್ಯಕರ್ತೆಯರ ತಲೆಗೆ ಕಟ್ಟುವುದು ಅನ್ಯಾಯ. ಮೂರು ವರ್ಷದ ಮಗು ಎಬಿಸಿಡಿ ಬರೆಯುತ್ತಿಲ್ಲವೆಂದು ಕಾನ್ವೆಂಟಿಗೆ ಓಡುವವರು ನಾವೇ ತಾನೆ?

ನಿಮ್ಮೂರಿನ ಅಂಗನವಾಡಿಗೆ ಏನಾದರೂ ಕೊಡಬೇಕೆನಿಸಿದರೆ ಗೋಡೆಗೆ ನೇತುಹಾಕುವ ಚಾರ್ಟ್ ಬೇಡ. ಒಂದು ಬುಟ್ಟಿ ಉರುಟುಗಲ್ಲು, ತೆಂಗಿನ ಚಿಪ್ಪು, ಒಂದಿಷ್ಟು ಜೇಡಿಮಣ್ಣು ಕೊಡಿ. ಹುಣಸೆ ಬೀಜವನ್ನೂ ಕೊಡಬಹುದು. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಮಾತ್ರ ಅದು ಸಿಗದಿರಲಿ.