ಗೋಧಿಯ ಕಣಜದ ಎದುರು ನೀರಿನ ಅಂಗಳ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬಂದ ಪ್ರವಾಸಿಗರು ಹ್ಯಾರಿ ಪಾಟರ್‌ನ ‘ಒಂಬತ್ತೂ ಮುಕ್ಕಾಲು’ ಪ್ಲಾಟ್‌ಫಾರ್ಮ್ ಮುಂದೆ ಫೋಟೊ ತೆಗೆಸಿಕೊಂಡು ಬೇರೆ ಕಡೆ ಹೊರಟುಬಿಡುತ್ತಾರೆ. ನಿಲ್ದಾಣದ ಹಿಂಬದಿಗೆ ಸ್ವಲ್ಪ ದೂರ ನಡೆದರೆ ರೀಜೆಂಟ್ಸ್ ಕಾಲುವೆ ಸಿಗುತ್ತದೆ. ಅದರ ಸೇತುವೆ ದಾಟಿದರೆ ಗ್ರೇನರಿ ಸ್ಕ್ವೇರ್. ಮಕ್ಕಳನ್ನು ಕರೆದುಕೊಂಡು ಲಂಡನ್ ನೋಡುವವರು ಇಲ್ಲಿಗೆ ಬರದೆ ಹೋಗಬಾರದು.

2012ರಲ್ಲಿ ತೆರೆದ ಈ ಚೌಕದ ನೆಲದಲ್ಲಿ 1,080 ಕಾರಂಜಿಗಳಿವೆ. ನಾಲ್ಕು ಗುಂಪುಗಳಾಗಿ ಹರಡಿಕೊಂಡ ಅವುಗಳ ಸುತ್ತ ಕಟ್ಟೆಯಿಲ್ಲ, ತೊಟ್ಟಿಯಿಲ್ಲ, ‘ನೀರು ಮುಟ್ಟಬೇಡಿ’ ಎನ್ನುವ ಬೋರ್ಡೂ ಇಲ್ಲ. ಹಾಸುಗಲ್ಲುಗಳ ಮಟ್ಟದಿಂದಲೇ ನೀರು ಚಿಮ್ಮುತ್ತದೆ, ಬಿದ್ದದ್ದು ಹರಿದು ನೆಲದಡಿಗೆ ಇಳಿಯುತ್ತದೆ. ಪ್ರತಿಯೊಂದು ಚಿಲುಮೆಯನ್ನೂ ಕಂಪ್ಯೂಟರ್ ಬೇರೆಬೇರೆಯಾಗಿ ಆಡಿಸುತ್ತದೆ, ಕತ್ತಲಾದ ಮೇಲೆ ಬಣ್ಣದ ಬೆಳಕೂ ಸೇರಿಕೊಳ್ಳುತ್ತದೆ. ಈಗ ಮೊಣಕಾಲೆತ್ತರ ಇದ್ದ ನೀರು ಮರುಕ್ಷಣ ಆಳೆತ್ತರ. ಮುಂದಿನ ಚಿಲುಮೆ ಎಲ್ಲಿ ಏಳುತ್ತದೆಂದು ಊಹಿಸುತ್ತಾ ಮಕ್ಕಳು ಅದರ ನಡುವೆ ಓಡುತ್ತಾರೆ, ಊಹೆ ತಪ್ಪಿದಾಗ ಕಿರುಚಿ ನಗುತ್ತಾರೆ. ಫೋನಿನ ಆ್ಯಪ್ ಹಿಡಿದು ಕಾರಂಜಿಗಳ ಮೇಲೆ ಹಳೆಯ ‘ಸ್ನೇಕ್’ ಆಟ ಆಡಲೂ ಇಲ್ಲಿ ಅವಕಾಶ ಮಾಡಿಕೊಟ್ಟಿದ್ದರು. ಕಾರಂಜಿ ನಿಲ್ಲಿಸಿದರೆ ಇಡೀ ಜಾಗ ಒಣ ಅಂಗಳವಾಗಿ, ಜಾತ್ರೆಗೋ ಸಂಗೀತಕ್ಕೋ ಸಿದ್ಧವಾಗುತ್ತದೆ.

ಈ ನೀರಿನಾಟ ನಡೆಯುವ ಜಾಗದಲ್ಲೇ ಹಿಂದೆ ದೋಣಿಗಳು ತಂಗುತ್ತಿದ್ದವು ಎಂಬುದು ನನ್ನನ್ನು ಹೆಚ್ಚು ಹಿಡಿದಿಟ್ಟ ಸಂಗತಿ. ರೀಜೆಂಟ್ಸ್ ಕಾಲುವೆ ಪೂರ್ಣಗೊಂಡಿದ್ದು 1820ರಲ್ಲಿ. ಪ್ಯಾಡಿಂಗ್ಟನ್‌ನಿಂದ ಥೇಮ್ಸ್ ದಡದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿಲೋಮೀಟರ್ ಹರಿಯುವ ಅದರಲ್ಲಿ, ದಡದ ಮೇಲೆ ನಡೆಯುವ ಕುದುರೆಗಳು ಸರಕಿನ ದೋಣಿಗಳನ್ನು ಎಳೆಯುತ್ತಿದ್ದವು. ಆಮೇಲೆ ರೈಲು ಬಂತು. ಕಿಂಗ್ಸ್ ಕ್ರಾಸ್ ನಿಲ್ದಾಣವನ್ನು ರೂಪಿಸಿದ ಲೂಯಿಸ್ ಕ್ಯೂಬಿಟ್ ಅವರೇ 1852ರಲ್ಲಿ ಇಲ್ಲೊಂದು ದೊಡ್ಡ ಇಟ್ಟಿಗೆಯ ಕಣಜವನ್ನೂ ಕಟ್ಟಿಸಿದರು. ಲಿಂಕನ್‌ಶೈರ್‌ನ ಹೊಲಗಳ ಗೋಧಿ ರೈಲಿನಲ್ಲಿ ಬಂದು ಇಲ್ಲಿ ಶೇಖರವಾಗಿ, ಲಂಡನ್ನಿನ ಬೇಕರಿಗಳಿಗೆ ಹೋಗುತ್ತಿತ್ತು. ಕಾಲುವೆಯ ದೋಣಿಗಳು ಕಣಜದ ಮುಂದಿನ ಕೊಳದವರೆಗೂ ಬರುತ್ತಿದ್ದವು. ಆ ಕೊಳವನ್ನು ಮುಚ್ಚಿದ ಜಾಗದಲ್ಲೇ ಇಂದಿನ ಕಾರಂಜಿಗಳಿವೆ.

ಸರಕು ಸಾಗಣೆ ಲಾರಿಗಳ ಪಾಲಾದಾಗ ಇಲ್ಲಿನ ಗೋದಾಮುಗಳು ಖಾಲಿ ಬಿದ್ದವು. ದಶಕಗಳ ಕಾಲ ಈ ಭಾಗಕ್ಕೆ ಒಳ್ಳೆಯ ಹೆಸರಿರಲಿಲ್ಲ. ಹೊಸದಾಗಿ ಕಟ್ಟುವಾಗ ಹಳೆಯದನ್ನು ಕೆಡವದೆ ಉಳಿಸಿಕೊಂಡರಲ್ಲ, ಅದು ದೊಡ್ಡ ಕೆಲಸ. 2011ರಿಂದ ಆ ಕಣಜದಲ್ಲಿ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜು ನಡೆಯುತ್ತಿದೆ. ಪಕ್ಕದಲ್ಲೇ ಇರುವ ಕಲ್ಲಿದ್ದಲಿನ ಹಳೆಯ ಗೋದಾಮುಗಳು 2018ರಲ್ಲಿ ಅಂಗಡಿ ಸಾಲುಗಳಾದವು.

ಕಾಲುವೆಯ ಕಡೆಗೆ ಅಗಲವಾದ ಮೆಟ್ಟಿಲುಗಳಿವೆ. ಬಿಸಿಲಿದ್ದ ದಿನ ಅಲ್ಲಿ ಕೂರಲು ಜಾಗ ಸಿಗುವುದೇ ಕಷ್ಟ. ಕೆಳಗೆ ಉದ್ದನೆಯ ಕಿರಿದಾದ ದೋಣಿಗಳು ನಿಧಾನವಾಗಿ ಸಾಗುತ್ತಿರುತ್ತವೆ. ಹತ್ತಿರದಲ್ಲೇ ಹಳೆಯ ಡಚ್ ದೋಣಿಯೊಂದು ಪುಸ್ತಕದಂಗಡಿಯಾಗಿದೆ. ಅದರ ಹೆಸರು ‘ವರ್ಡ್ ಆನ್ ದ ವಾಟರ್’.

ಒಂದು ಮಾತನ್ನು ಮರೆಮಾಚುವಂತಿಲ್ಲ. ಎಲ್ಲರಿಗೂ ತೆರೆದಿದ್ದರೂ ಈ ಚೌಕ ಖಾಸಗಿ ಒಡೆತನದ್ದು. ಈ ಪ್ರದೇಶದ ಕ್ಯಾಮೆರಾಗಳು ಜನರ ಮುಖ ಗುರುತಿಸುವ ತಂತ್ರಜ್ಞಾನ ಬಳಸಿದ್ದವೆಂದು 2019ರಲ್ಲಿ ಬಯಲಾದಾಗ ಭಾರಿ ವಿರೋಧ ಬಂತು. ಇನ್ನು ಅದನ್ನು ಬಳಸುವುದಿಲ್ಲವೆಂದು ಒಡೆಯರು ಹೇಳಬೇಕಾಯಿತು. ಊರಿನ ಅಂಗಳ ಊರಿನವರ ಕೈಯಲ್ಲೇ ಇರಬೇಕು ಎನ್ನುವುದು ನನ್ನ ನಿಲುವು. ಆದರೆ ನಗರದ ನಟ್ಟನಡುವೆ, ಒಂದು ಪೈಸೆ ಕೊಡದೆ ಮಕ್ಕಳು ನೀರಾಡಬಹುದಾದ ಜಾಗವನ್ನು ಇಷ್ಟು ಚೆನ್ನಾಗಿ ರೂಪಿಸಿದವರನ್ನು ಮೆಚ್ಚದೆ ಇರಲಾಗದು.

ಲಂಡನ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬೇಸಿಗೆಯಲ್ಲಿ ಹೋಗುವವರು ಮೊಮ್ಮಕ್ಕಳನ್ನು ಕರೆದುಕೊಂಡು ಅರ್ಧ ದಿನ ಇಲ್ಲಿಗೆ ಬನ್ನಿ. ಚೀಲದಲ್ಲಿ ಒಂದು ಟವೆಲ್, ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ.